ಒಂದೇ ಕಡೆ ಬಾಗುವ ಕಾಗದ

ಎರಡನೇ ಮಹಾಯುದ್ಧದ ವಿಮಾನಗಳು ಎಂದೊಡನೆ ನೆನಪಿಗೆ ಬರುವ ಹೆಸರುಗಳು ಬೆರಳೆಣಿಕೆಯವು: ಸ್ಪಿಟ್‌ಫೈರ್, ಮಸ್ಟ್ಯಾಂಗ್, ಜಪಾನಿನ ಝೀರೋ. ಈ ಪಟ್ಟಿ ಇಷ್ಟು ಚಿಕ್ಕದಾಗಿರುವುದಕ್ಕೆ ಆ ವಿಮಾನಗಳ ಸಾಮರ್ಥ್ಯವೊಂದೇ ಕಾರಣವಲ್ಲ, ಆಟಿಕೆ ಉದ್ಯಮದ ಲೆಕ್ಕಾಚಾರವೂ ಕಾರಣ. ಪ್ಲಾಸ್ಟಿಕ್ ಮಾದರಿಗೆ ಉಕ್ಕಿನ ಅಚ್ಚು ಬೇಕು. ಅಚ್ಚಿನ ಖರ್ಚು ಹುಟ್ಟಬೇಕಾದರೆ ಸಾವಿರಾರು ಪೆಟ್ಟಿಗೆಗಳು ಮಾರಾಟವಾಗಬೇಕು. ಅಷ್ಟು ಮಾರಾಟವಾಗಬೇಕಾದರೆ ಕೊಳ್ಳುವವರಿಗೆ ಹೆಸರು ಮೊದಲೇ ಗೊತ್ತಿರಬೇಕು. ಹೀಗೆ ಹೆಸರಾದದ್ದಕ್ಕೇ ಮತ್ತೆ ಹೆಸರು ಬರುತ್ತದೆ. ಕಾಗದಕ್ಕೆ ಅಚ್ಚಿನ ಹಂಗಿಲ್ಲ. ಒಬ್ಬ ವಿನ್ಯಾಸಕಾರ, ಒಂದು ಮುದ್ರಣ, ಕತ್ತರಿ, ಬ್ಲೇಡು, ಅಂಟು ಇದ್ದರೆ ಯಾರೂ ಕೇಳದ ವಿಮಾನವೂ ಮೇಜಿನ ಮೇಲೆ ನಿಲ್ಲುತ್ತದೆ. ಮರೆತುಹೋದ ವಿಮಾನಗಳ ಮಟ್ಟಿಗೆ ಕಾಗದದ ಮಾದರಿ ಬರಿಯ ಹವ್ಯಾಸವಲ್ಲ, ಇತಿಹಾಸವನ್ನು ತಿಳಿಯುವ ಒಂದು ಗಟ್ಟಿಯಾದ ವಿಧಾನ ಎಂದು ನಾನು ನಂಬುತ್ತೇನೆ.

ಯುದ್ಧಕಾಲದ ಬ್ರಿಟನ್ನಿನಲ್ಲೇ ಜೆಫ್ರಿ ಹೈವೇ ಅಂಚೆ ಕಾರ್ಡಿನಷ್ಟು ಚಿಕ್ಕ ಹಾಳೆಗಳಲ್ಲಿ ‘ಮೈಕ್ರೋಮಾಡೆಲ್ಸ್’ ಎಂಬ ಕಾಗದದ ಮಾದರಿಗಳನ್ನು ಹೊರತಂದರು. ಆದರೆ ಈ ಕಲೆ ಆಳವಾಗಿ ಬೇರುಬಿಟ್ಟದ್ದು ಪೋಲೆಂಡಿನಲ್ಲಿ. ಅಲ್ಲಿ 1957ರಲ್ಲಿ ಶುರುವಾದ ‘ಮಾವಿ ಮೊದೆಲಾಷ್’ ಪತ್ರಿಕೆಯ ಸಂಚಿಕೆಯೆಂದರೆ ಕತ್ತರಿಸಿ ಅಂಟಿಸಬೇಕಾದ ಒಂದು ಮಾದರಿ. ಇಂಥ ಮಾದರಿಯ ಬೆಲೆಗೆ ಅಲ್ಲಿನದೇ ಒಂದು ಉದಾಹರಣೆ: ಪೋಲೆಂಡಿನ ಪಿಝಡ್‌ಎಲ್ 23 ‘ಕಾರಾಶ್’ ಬಾಂಬರ್ 1939ರ ಸೆಪ್ಟೆಂಬರ್ 2ರಂದು ಒವಾವದ ಮೇಲೆ, ಅಂದಿನ ಜರ್ಮನ್ ನೆಲದ ಮೇಲೆ, ಬಾಂಬು ಹಾಕಿತ್ತು. ಮೂವರು ಕೂರುತ್ತಿದ್ದ, ಹೊಟ್ಟೆಯಡಿ ತೊಟ್ಟಿಲಂತಹ ಗೂಡಿದ್ದ ಈ ವಿಮಾನಗಳಲ್ಲಿ ಇಂದು ಒಂದೂ ಉಳಿದಿಲ್ಲ. ವಸ್ತುಸಂಗ್ರಹಾಲಯಕ್ಕೆ ಹೋಗಿ ನೋಡೋಣವೆಂದರೆ ನೋಡಲು ಏನೂ ಇಲ್ಲ. ಛಾಯಾಚಿತ್ರ, ನಕ್ಷೆಗಳ ಆಧಾರದಿಂದ 1:33ರ ಅಳತೆಯಲ್ಲಿ ಕಟ್ಟಿದ ಕಾಗದದ ಮಾದರಿಯೇ ಅದರ ಮೂರು ಆಯಾಮಗಳ ನೆನಪು.

ಉಳಿಸುವುದಷ್ಟೇ ಕಾಗದದ ಕೆಲಸವಲ್ಲ. ಕಾಗದ ಒಂದು ಸಲಕ್ಕೆ ಒಂದೇ ದಿಕ್ಕಿಗೆ ಬಾಗುತ್ತದೆ. ಸುರುಳಿಯಾಗುತ್ತದೆ, ಶಂಕುವಾಗುತ್ತದೆ; ಗೋಳವಾಗುವುದಿಲ್ಲ. ಕಿತ್ತಳೆಯ ಸಿಪ್ಪೆಯನ್ನು ಹರಿಯದೆ ಚಪ್ಪಟೆ ಮಾಡಲಾಗದ ಹಾಗೆ. ಗಣಿತಜ್ಞ ಗೌಸ್ 1827ರಲ್ಲೇ ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದ. ಅಲ್ಯೂಮಿನಿಯಂ ತಗಡಿನದೂ ಬಹುಮಟ್ಟಿಗೆ ಇದೇ ಪಾಡು: ಒಂದೇ ಕಡೆ ಬಾಗಿಸುವುದು ಸುಲಭ, ಅಗ್ಗ, ಎರಡು ಕಡೆ ಬಾಗಿಸಬೇಕೆಂದರೆ ಬಡಿಯಬೇಕು ಇಲ್ಲವೇ ಭಾರಿ ಪ್ರೆಸ್ಸಿನಲ್ಲಿ ಒತ್ತಬೇಕು. ಆದ್ದರಿಂದ ಮಾದರಿ ಕಟ್ಟುವವರ ಬೆರಳು ಎಲ್ಲಿ ಒದ್ದಾಡುತ್ತದೋ, ಕಾಗದವನ್ನು ಎಲ್ಲಿ ದಳದಳವಾಗಿ ಸೀಳಬೇಕಾಗುತ್ತದೋ, ಅಲ್ಲೇ ಕಾರ್ಖಾನೆಗೂ ಹೆಚ್ಚು ದುಡಿಮೆ ಬಿದ್ದಿತ್ತು. ಯುದ್ಧಕಾಲದ ತಯಾರಿಕೆಯ ಈ ಅರ್ಥಶಾಸ್ತ್ರ ಅಚ್ಚಿನಿಂದ ಸಿದ್ಧವಾಗಿ ಬರುವ ಪ್ಲಾಸ್ಟಿಕ್ಕಿನಲ್ಲಿ ಕೈಗೆ ಸಿಗುವುದಿಲ್ಲ.

ಅಮೆರಿಕದ ವಲ್ಟೀ ವೆಂಜನ್ಸ್ ಎಂಬ ಡೈವ್ ಬಾಂಬರನ್ನೇ ನೋಡಿ. ನಮ್ಮ ವಾಯುಪಡೆಯ 7 ಮತ್ತು 8ನೇ ಸ್ಕ್ವಾಡ್ರನ್‌ಗಳು ಬರ್ಮಾ ರಂಗದಲ್ಲಿ ಹಾರಿಸಿದ ವಿಮಾನ ಅದು. ಬಹುಮಟ್ಟಿಗೆ ಪೂರ್ಣರೂಪದಲ್ಲಿ ಉಳಿದಿರುವುದು ಆಸ್ಟ್ರೇಲಿಯಾದಲ್ಲಿ ಒಂದೇ. ಕೆಲವು ಕೋನಗಳ ಫೋಟೋಗಳಲ್ಲಿ ಅದರ ರೆಕ್ಕೆ ಬುಡದಲ್ಲಿ ಕೆಳಕ್ಕಿಳಿದು ಮತ್ತೆ ಮೇಲೇರಿದಂತೆ ಕಾಣುತ್ತದೆ. ಅದು ಕಣ್ಣಿನ ಮೋಸ. ಗುರುತ್ವ ಕೇಂದ್ರದ ಲೆಕ್ಕ ತಪ್ಪಿದ್ದರಿಂದ ರೆಕ್ಕೆಯ ನಡುಭಾಗವನ್ನು ಹಿಂದಕ್ಕೆ ಓರೆಯಾಗಿಸಿ ಸರಿಪಡಿಸಿದ್ದರು; ಮೇಲಿನಿಂದ ನೋಡಿದರೆ ಅದು ಇಂಗ್ಲಿಷಿನ ‘ಡಬ್ಲ್ಯೂ’ ಅಕ್ಷರದ ಆಕಾರ. ಫೋಟೋ ನೋಡುವವರು ಮೋಸಹೋಗಬಹುದು, ರೆಕ್ಕೆಯ ಹಾಳೆಯನ್ನು ಕತ್ತರಿಸುವವರು ಹೋಗಲಾರರು: ತಪ್ಪಾಗಿ ಮಡಿಸಿದರೆ ತುದಿಗಳು ಕೂಡುವುದೇ ಇಲ್ಲ. ಇನ್ನೂ ಒಂದು ಸಂಗತಿ. ನೆಟ್ಟಗೆ ಕೆಳಕ್ಕೆ ಧುಮುಕುವಾಗ ಗುರಿ ತಪ್ಪದಿರಲೆಂದು ಆ ರೆಕ್ಕೆಯನ್ನು ಒಡಲಿಗೆ ಸೊನ್ನೆ ಕೋನದಲ್ಲಿ ಜೋಡಿಸಿದ್ದರು. ಅದರ ಫಲವಾಗಿ ಸಮತಲದಲ್ಲಿ ಹಾರುವಾಗ ಮೂಗು ಮೇಲೆತ್ತಿಕೊಂಡಿರುತ್ತಿತ್ತು, ಪೈಲಟ್‌ಗೆ ಮುಂದಿನ ನೋಟಕ್ಕೆ ಅಡ್ಡಿಯಾಗುತ್ತಿತ್ತು. ರೆಕ್ಕೆಯನ್ನು ಅಂಟಿಸುವ ಹೊತ್ತಿಗೆ ಈ ಕೋನವನ್ನು ಅಳೆಯಲೇಬೇಕು. ಓದಿ ಮರೆತುಬಿಡಬಹುದಾದ ಒಂದು ಅಂಕಿ ಅಲ್ಲಿ ಕೆಲಸದ ಒಂದು ಹಂತವೇ ಆಗುತ್ತದೆ.

ಆಧಾರಗಳೇ ವಿರಳವಾಗಿರುವಾಗ ಇಂಥ ಮಾದರಿ ಊಹೆಯ ಮೊತ್ತವಲ್ಲವೇ ಎಂದು ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ. ಪೋಲಿಷ್ ವಿಮಾನಗಳ ಖಾಕಿ ಬಣ್ಣ ನಿಖರವಾಗಿ ಯಾವುದೆಂಬುದು ಇಂದಿಗೂ ಚರ್ಚೆಯ ವಿಷಯ; ಕಪ್ಪು-ಬಿಳುಪು ಫೋಟೋಗಳಿಂದ ಅದು ತೀರ್ಮಾನವಾಗದು. ಅಚ್ಚುಕಟ್ಟಾಗಿ ಮುದ್ರಿಸಿದ ಹಾಳೆ ಊಹೆಗೂ ಸತ್ಯದ ಮುಖ ಕೊಟ್ಟುಬಿಡುತ್ತದೆ, ಇದು ನಿಜವಾದ ಅಪಾಯ. ಯಾವ ಭಾಗ ಯಾವ ಆಧಾರದ್ದು ಎಂದು ಹಾಳೆಯ ಅಂಚಿನಲ್ಲೇ ಬರೆಯುವ ರೂಢಿ ಬರಬೇಕು. ಆದರೂ, ಬರೆಯುವ ಇತಿಹಾಸಕಾರ ತನಗೆ ಗೊತ್ತಿಲ್ಲದ ಭಾಗವನ್ನು ಹೇಳದೆ ದಾಟಬಹುದು. ಮಾದರಿಕಾರ ವಿಮಾನದ ಹೊಟ್ಟೆಯಲ್ಲಿ ತೂತು ಬಿಡುವಂತಿಲ್ಲ. ಅವನ ಊಹೆ ಎಲ್ಲರ ಕಣ್ಣೆದುರು ಇರುತ್ತದೆ, ಹೊಸ ಫೋಟೋ ಸಿಕ್ಕರೆ ಮುಂದಿನ ಹಾಳೆ ಅದನ್ನು ತಿದ್ದುತ್ತದೆ.

ಕೊಲ್ಲಲೆಂದೇ ಕಟ್ಟಿದ ಯಂತ್ರವನ್ನು ಮುದ್ದಾದ ಗೊಂಬೆಯಾಗಿಸುವುದು ಸರಿಯೇ ಎಂಬ ಪ್ರಶ್ನೆ ಇದಕ್ಕಿಂತ ಭಾರವಾದದ್ದು. ನಾಕಾಜಿಮಾದ ಕಿ-115 ‘ತ್ಸುರುಗಿ’ಯನ್ನು ಕಟ್ಟಿದವರು ಇದಕ್ಕೆ ಉತ್ತರ ಬಲ್ಲರು. 1945ರಲ್ಲಿ ಆತ್ಮಾಹುತಿ ದಾಳಿಗಾಗಿ ರೂಪಿಸಿದ ಆ ವಿಮಾನದ ಒಡಲು ಸರಳವಾದ ದುಂಡು ಕೊಳವೆ; ಕಾಗದದಲ್ಲಿ ಅಷ್ಟು ಸಲೀಸಾದ ಒಡಲು ಅಪರೂಪ. ಗಾಲಿಗಳ ಸರದಿ ಬಂದಾಗ ಗೊತ್ತಾಗುತ್ತದೆ, ಅವು ಮಡಚಿಕೊಳ್ಳುವ ಗಾಲಿಗಳಲ್ಲ, ನೆಲ ಬಿಟ್ಟ ಮೇಲೆ ಕಳಚಿ ಬೀಳಬೇಕಾದವು. ಮರಳಿ ಇಳಿಯುವ ಏರ್ಪಾಡೇ ವಿನ್ಯಾಸದಲ್ಲಿಲ್ಲ. ಯುದ್ಧ ಮುಗಿದದ್ದರಿಂದ ಅದು ದಾಳಿಗೆ ಹೋಗಲಿಲ್ಲ. ಆ ಗಾಲಿಯ ಎರಡು ಕಡ್ಡಿಗಳನ್ನು ಅಂಟಿಸಿದವರಿಗೆ ಯುದ್ಧದ ವೈಭವ ಎಲ್ಲಿಂದ ಕಂಡೀತು?

ಕಂಪ್ಯೂಟರಿನಲ್ಲೇ ಮಾದರಿ ಕಟ್ಟಬಹುದಾದ ಕಾಲದಲ್ಲಿ ಕಾಗದವೇಕೆ ಎನ್ನುವವರಿಗೆ ಹೇಳುವುದು ಇಷ್ಟೇ: ಪರದೆಯಲ್ಲಿ ಯಾವ ಆಕಾರವೂ ಕೈಗೆ ಎದುರಾಡುವುದಿಲ್ಲ. ನಮ್ಮಲ್ಲಿ ಈ ಕೆಲಸಕ್ಕೆ ವಸ್ತುವಿನ ಕೊರತೆಯೂ ಇಲ್ಲ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದೊಡನೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಮೊದಲ ಯೋಜನೆಗಳಲ್ಲಿ ಹಾರ್ಲೋ ತರಬೇತಿ ವಿಮಾನ, ಕರ್ಟಿಸ್ ಹಾಕ್ ಮತ್ತು ವಲ್ಟೀ ಕಂಪನಿಯದೇ ಒಂದು ಬಾಂಬರ್ ಇದ್ದವು. ಹಾರ್ಲೋ ಪಿಸಿ-5 ಇಲ್ಲಿ 1941ರಲ್ಲೇ ಹಾರಿತು. ಅದನ್ನು ಒಂದು ಕನ್ನಡ ಮಾಸಪತ್ರಿಕೆಯ ನಡುಪುಟಗಳಲ್ಲಿ ಅಚ್ಚು ಹಾಕಬಹುದು. ಬೇಕಾದದ್ದು ನಕ್ಷೆ ಬಿಡಿಸಬಲ್ಲ ಒಬ್ಬರು, ಪುಟ ಬಿಟ್ಟುಕೊಡುವ ಒಬ್ಬ ಸಂಪಾದಕರು.