ಸೊನ್ನೆಗಿಳಿಯದ ಸಂಖ್ಯೆ

ಪಿಎಚ್.ಡಿ.ಯ ಮೂರನೇ ವರ್ಷ ನಾನು 62 ಎಂಬ ಒಂದು ಸಂಖ್ಯೆಗೆ ಮರುಳಾಗಿದ್ದೆ. ಗ್ರೂಪ್ ಮೀಟಿಂಗಿನಲ್ಲಿ ಆ ಸ್ಲೈಡ್ ಹಾಕುವಾಗ ಖುಷಿಗೆ ದನಿ ನಡುಗಿತ್ತು. ಹತ್ತೇ ನಿಮಿಷದಲ್ಲಿ ಎಲ್ಲ ಮಣ್ಣುಪಾಲಾಯಿತು.

ನನ್ನ ವಿಷಯ ಮ್ಯಾಗ್ನೆಟಾರ್. ಸತ್ತ ನಕ್ಷತ್ರದ ತಿರುಳು ಇಪ್ಪತ್ತು ಕಿಲೋಮೀಟರಿನಷ್ಟು ಅಗಲದ ಉಂಡೆಯಾಗಿ ಕುಗ್ಗಿದರೆ ಅದು ನ್ಯೂಟ್ರಾನ್ ನಕ್ಷತ್ರ. ಅಂಥ ಕೆಲವುಗಳ ಕಾಂತಕ್ಷೇತ್ರ ನೂರು ಲಕ್ಷ ಕೋಟಿ ಗಾಸ್ ಮುಟ್ಟುತ್ತದೆ; ಅವೇ ಮ್ಯಾಗ್ನೆಟಾರ್. ನಮ್ಮ ಭೂಮಿಯದು ಅರ್ಧ ಗಾಸಿನ ಆಸುಪಾಸು. ಮ್ಯಾಗ್ನೆಟಾರಿನಿಂದ ಹೊರಡುವ ಎಕ್ಸ್-ರೇ ಬೆಳಕು ಆ ಕ್ಷೇತ್ರದ ಹಿಡಿತಕ್ಕೆ ಸಿಕ್ಕಿ ಒಂದು ದಿಕ್ಕಿನಲ್ಲೇ ಹೆಚ್ಚು ಕಂಪಿಸುತ್ತದೆ. ಇದು ಧ್ರುವೀಕರಣ. ನಾಸಾ ಮತ್ತು ಇಟಲಿಯ ಬಾಹ್ಯಾಕಾಶ ಸಂಸ್ಥೆ 2021ರ ಡಿಸೆಂಬರಿನಲ್ಲಿ ಹಾರಿಸಿದ ಐಎಕ್ಸ್‌ಪಿಇ ಉಪಗ್ರಹ ಅಳೆಯುವುದು ಇದನ್ನೇ. ಒಳಬಂದ ಫೋಟಾನ್ ಅನಿಲದ ಪರಮಾಣುವಿನಿಂದ ಎಲೆಕ್ಟ್ರಾನೊಂದನ್ನು ಕೀಳುತ್ತದೆ. ಅದು ಹೆಚ್ಚಾಗಿ ಬೆಳಕು ಕಂಪಿಸುವ ದಿಕ್ಕಿಗೇ ಚಿಮ್ಮಿ ಸಣ್ಣ ಗೀಚು ಬಿಡುತ್ತದೆ. ಒಂದು ಗೀಚಿನಿಂದ ಏನೂ ತಿಳಿಯದು. ಸಾವಿರಾರು ಸೇರಿದರೆ ಒಲವು ಯಾವ ಕಡೆಗೆಂದು ಕಾಣುತ್ತದೆ.

2022ರಲ್ಲಿ 4ಯು 0142+61 ಎಂಬ ಮ್ಯಾಗ್ನೆಟಾರ್ ಎಲ್ಲರನ್ನೂ ಬೆರಗಾಗಿಸಿತ್ತು. ಕಡಿಮೆ ಶಕ್ತಿಯ ಎಕ್ಸ್-ರೇಯಲ್ಲಿ ಧ್ರುವೀಕರಣ ಸುಮಾರು ಶೇ. 15, ಹೆಚ್ಚಿನದರಲ್ಲಿ ಶೇ. 35, ನಡುವೆ ದಿಕ್ಕು ಸರಿಯಾಗಿ 90 ಡಿಗ್ರಿ ಹೊರಳಿತ್ತು. ಆ ನಕ್ಷತ್ರಕ್ಕೆ ವಾತಾವರಣವೇ ಇಲ್ಲ, ಮೈ ಗಟ್ಟಿಕಟ್ಟಿದೆ ಎಂಬ ವಾದಕ್ಕೆ ಅದರಿಂದ ಬಲ ಬಂತು. ಅಂಥದ್ದೊಂದು ಹೊರಳು ನನಗೂ ಬೇಕಿತ್ತು.

ನನಗೆ ಸಿಕ್ಕಿದ್ದು ಮಂಕಾದ ಮ್ಯಾಗ್ನೆಟಾರ್. ಎಲ್ಲ ಫೋಟಾನ್ ಕೂಡಿಸಿದರೆ ಹೇಳಿಕೊಳ್ಳುವಂಥದ್ದು ಏನೂ ಬರಲಿಲ್ಲ. ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳನ್ನು ಬೆರೆಸಿದರೆ ಅವು ಪರಸ್ಪರ ಅಳಿಸಿಹೋಗುತ್ತವೆ ಎಂಬುದು ನಿಜ. ಆ ನಿಜವನ್ನೇ ನೆಪ ಮಾಡಿಕೊಂಡು ದತ್ತಾಂಶವನ್ನು ಶಕ್ತಿಯಂತೆ ಆರು, ತಿರುಗುವಿಕೆಯ ಹಂತದಂತೆ ಎಂಟು, ಒಟ್ಟು 48 ಚೂರು ಮಾಡಿದೆ. ಒಂದು ಚೂರಿನಲ್ಲಿ ಶೇ. 62 ಬಂತು.

"ಆ ಚೂರಿನಲ್ಲಿ ಫೋಟಾನ್ ಎಷ್ಟಿದೆಯಪ್ಪಾ?" ಗೈಡ್ ಕೇಳಿದರು.

"ನಾನೂರರ ಹತ್ತಿರ, ಸರ್."

"ಎಂಡಿಪಿ?"

ಧ್ರುವೀಕರಣವೇ ಇಲ್ಲದ ಬೆಳಕು ಆಕಸ್ಮಿಕವಾಗಿ ನೂರರಲ್ಲಿ ಒಂದು ಸಲ ಮಾತ್ರ ದಾಟಬಲ್ಲ ಗೆರೆಯೇ ಎಂಡಿಪಿ. ಅವರೇ ಎದ್ದು ಬೋರ್ಡಿನ ಮೇಲೆ ಬರೆದರು. ಉಪಕರಣ ದಿಕ್ಕನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆಂಬ ಅಂಕ 0.3, ನಾನೂರರ ವರ್ಗಮೂಲ 20, ಗುಣಿಸಿದರೆ 6. ಸೂತ್ರದ ಸ್ಥಿರಾಂಕ 4.29 ಅನ್ನು 6ರಿಂದ ಭಾಗಿಸಿದರೆ ಶೇ. 71.5. ನನ್ನ 62 ಗೆರೆಯ ಕೆಳಗೇ ಉಳಿಯಿತು.

"ಉಳಿದ 47 ಚೂರು ಎಲ್ಲಿ?" ಅದಕ್ಕೆ ನನ್ನಲ್ಲಿ ಸ್ಲೈಡೇ ಇರಲಿಲ್ಲ.

ಹುಡುಗನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಬಯಲಿನಲ್ಲಿ ಬಿಡಿ. ಮನಬಂದ ದಿಕ್ಕಿಗೆ ನಾನೂರು ಹೆಜ್ಜೆ ಹಾಕಿದ ಮೇಲೆ ಅವನು ಹೊರಟ ಜಾಗದಲ್ಲೇ ನಿಂತಿರುವುದು ಅಪರೂಪ. ಎಷ್ಟೋ ದೂರ ಹೋಗಿರುತ್ತಾನೆ, ಆ ದೂರ ಎಂದೂ ಸೊನ್ನೆಗಿಂತ ಕಡಿಮೆಯಾಗದು. ಧ್ರುವೀಕರಣದ ಪ್ರಮಾಣವೂ ಹಾಗೆಯೇ. ಒಲವಿಲ್ಲದ ಗೀಚುಗಳೂ ಏನಾದರೊಂದು ಸಂಖ್ಯೆ ಕೊಟ್ಟೇ ಕೊಡುತ್ತವೆ. ಗೀಚು ಕಡಿಮೆಯಾದಷ್ಟೂ ಆ ಸಂಖ್ಯೆ ದೊಡ್ಡದು.

ಆ ರಾತ್ರಿ ಧ್ರುವೀಕರಣ ಒಂದಿಷ್ಟೂ ಇಲ್ಲದ ಹುಸಿ ನಕ್ಷತ್ರವನ್ನು ಕಂಪ್ಯೂಟರಿನಲ್ಲಿ ಸಾವಿರ ಸಲ ಸೃಷ್ಟಿಸಿ, ಪ್ರತಿಯೊಂದನ್ನೂ 48 ಚೂರು ಮಾಡಿ ನೋಡಿದೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಸಲ ಯಾವುದೋ ಒಂದು ಚೂರು 62 ದಾಟಿತು. ನಾನು ಕಂಡದ್ದು ನಕ್ಷತ್ರವನ್ನಲ್ಲ, ನನ್ನ ಕತ್ತರಿಯನ್ನು.

ಇಲ್ಲಿಯವರೆಗಿನದು ಗಣಿತದ ತಪ್ಪು. ಅದನ್ನು ಹೇಳಿಕೊಳ್ಳುವುದು ಸುಲಭ. ಹೇಳಲು ಕಷ್ಟವಾದದ್ದು ಬೇರೆ ಇದೆ. ಎಂಡಿಪಿ ನನಗೆ ಗೊತ್ತಿಲ್ಲದ ವಿಷಯವಲ್ಲ. ಇಡೀ ದತ್ತಾಂಶಕ್ಕೆ ಮೊದಲೇ ಲೆಕ್ಕ ಹಾಕಿದ್ದೆ. ಆ ಒಂದು ಚೂರಿಗೆ ಮಾತ್ರ ಹಾಕಲಿಲ್ಲ. ಮರೆತು ಬಿಟ್ಟದ್ದಲ್ಲ. ಹಾಕಿದರೆ ಏನು ಬರುತ್ತದೆಂಬ ಅನುಮಾನ ಒಳಗೆಲ್ಲೋ ಇತ್ತು.

ಈಗ ಫೈಲ್ ತೆರೆಯುವ ಮುಂಚೆಯೇ ಎಷ್ಟು ಚೂರು, ಎಲ್ಲೆಲ್ಲಿ ಕತ್ತರಿ ಎಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತೇನೆ. ಆಮೇಲೆ ತಿದ್ದುವಂತಿಲ್ಲ. ನನ್ನ ಪ್ರಬಂಧದಲ್ಲಿ ಆ ಮ್ಯಾಗ್ನೆಟಾರಿಗೆ ಸಿಕ್ಕಿದ್ದು ಒಂದೇ ಸಾಲು: ಧ್ರುವೀಕರಣ ಪತ್ತೆಯಾಗಲಿಲ್ಲ. ಆ ಸಾಲು ಬರೆಯಲು 62ರ ಸ್ಲೈಡಿಗಿಂತ ಹೆಚ್ಚು ದಿನ ಹಿಡಿಯಿತು.