ಹೈಪೋ ಅಂದರ ಹೈ ಅಲ್ರೀ

ನಮ್ಮ ಮಾತಿನಾಗ ‘ಇಲ್ಲ’ ಅನ್ನೋದು ಬಾಲದಾಗ ಕೂತಿರ್ತದ ನೋಡ್ರಿ. ಬರ್ತಾಳ, ಬರಂಗಿಲ್ಲ. ತಿಂತೀನಿ, ತಿನ್ನಂಗಿಲ್ಲ. ಹಿಂಗಾಗಿ ನಮ್ಮ ಕಿವಿ ಮಾತಿನ ಕಡೀ ತುದಿಗೆ ಕಾಯ್ತದ. ಇಂಗ್ಲಿಷಿಂದು ಉಲ್ಟಾ. ಶಬ್ದದ ತಲೀಗೆ ಒಂದು ಸಣ್ಣ ತುಂಡು ಹಚ್ಚಿ ಅರ್ಥಾನ ತಿರುವಿ ಒಗೀತಾರ. ಹ್ಯಾಪಿ ಇದ್ದದ್ದು ಅನ್‌ಹ್ಯಾಪಿ, ಲೈಕ್ ಇದ್ದದ್ದು ಡಿಸ್‌ಲೈಕ್, ಪಾಸಿಬಲ್ ಇದ್ದದ್ದು ಇಂಪಾಸಿಬಲ್. ನಮಗೂ ಇದು ತೀರಾ ಹೊಸಾದೇನಲ್ಲ. ಸಂಸ್ಕೃತದಿಂದ ಬಂದ ಶಬ್ದಕ್ಕ ಉಪಸರ್ಗ ಅಂತ ಸಾಲ್ಯಾಗ ಕಲ್ತಿದ್ದು ನೆನಪದಲಾ? ಮಾನ ಒಂದs, ಅದರ ಮುಂದ ‘ಅಪ’ ಬಂದರ ಅಪಮಾನ, ‘ಅನು’ ಬಂದರ ಅನುಮಾನ, ‘ಅಭಿ’ ಬಂದರ ಅಭಿಮಾನ. ಅತ್ತಿ ಮನ್ಯಾಗ ಮೂರೂ ಸಿಗ್ತಾವ ಬಿಡ್ರಿ.

ಆದರ ದವಾಖಾನಿ ಇಂಗ್ಲಿಷಿನಾಗ ಈ ತಲೀ ತುಂಡು ತಪ್ಪಿ ಕೇಳಿದರ ನಗೋ ಮಾತಲ್ಲ. ಹೋದ ಶ್ರಾವಣದಾಗ ನಮ್ಮ ನೆಗೆಣ್ಣಿ ಮನ್ಯಾಗ ಆದದ್ದು ಹೇಳ್ತೀನಿ. ಭಾವನೋರಿಗೆ ಸಕ್ಕರಿ ಬ್ಯಾನಿ, ಆಗಿಂದಾಗ ಇನ್ಸುಲಿನ್ ಚಾಲೂ ಮಾಡಿದ್ದರು. ಕಳಿಸೋ ಮುಂದ ದವಾಖಾನಿಯವರು, “ಹೈಪೋ ಆಗಬಹುದು, ಲಕ್ಷ್ಯ ಇಡ್ರಿ” ಅಂತ ಒಂದs ಮಾತಿನಾಗ ಹೇಳಿ ಮುಗಿಸಿದರಂತ. ಬಿಡಿಸಿ ಹೇಳಲಿಕ್ಕೆ ಅವರಿಗೆ ಪುರಸೊತ್ತೆಲ್ಲಿ! ಈಕಿ ‘ಹೈ’ ಅಂತ ಕೇಳಿದ್ಲು. ಹೈ ಬಿಪಿ, ಹೈ ಶುಗರ್ ಅಂತ ದಿನಾ ಕೇಳೋ ಕಿವಿ ಅದು, ಆಕೀದೇನು ತಪ್ಪು? ಮನೀಗೆ ಬಂದಾಕಿನ ಬಾಳಿಹಣ್ಣು, ಬೆಲ್ಲ, ಬಿಸ್ಕೀಟು ಎಲ್ಲಾ ಕೀಲಿ ಹಾಕಿ ಇಟ್ಲು.

ಒಂದಿನ ಮಧ್ಯಾಹ್ನ ಇನ್ಸುಲಿನ್ ತಗೊಂಡ ಮ್ಯಾಲೆ ಊಟ ತಡಾ ಆತು. ಭಾವನೋರಿಗೆ ಮೈಯೆಲ್ಲಾ ಬೆವರು, ಕೈ ನಡುಗಲಿಕ್ಕೆ ಹತ್ತಿದ್ವು, ಮಾತು ತೊದಲು. ಈಕಿ ನನಗ ಫೋನ್ ಮಾಡಿ, “ಅಕ್ಕಾ, ಹೈಪೋ ಆಗೇದ ಕಾಣಸ್ತದ, ಏನೂ ತಿನ್ನಲಿಕ್ಕೆ ಕೊಟ್ಟಿಲ್ಲ, ಹೆದರಬ್ಯಾಡ” ಅಂತ ನನಗs ಧೈರ್ಯ ಹೇಳ್ಯಾಳ! ನಮ್ಮನಿಯವರದೂ ಇದs ಬ್ಯಾನಿ, ನನಗ ಎದಿ ಧಸಕ್ ಅಂತು. “ಮಿಷಿನ್ನಿನಾಗ ಎಷ್ಟು ಬಂತು?” ಅಂದೆ. “54.” “ಅಯ್ಯೋ, ಸಕ್ಕರಿ ಇಳದದ ಮಾರಾಯ್ತಿ! ಮೂರು ಚಮಚಾ ಸಕ್ಕರಿ ನೀರಾಗ ಕಲಿಸಿ ಕುಡಸು, ಮೊದಲ ಅದು ಮಾಡು, ಆಮ್ಯಾಲೆ ಮಾತಾಡು.” 15 ನಿಮಿಷ ಬಿಟ್ಟು ಮತ್ತ ನೋಡಿದಾಗ 88. ಅಲ್ಲೀ ತನಕ ನಾನು ಫೋನ್ ಕೆಳಗಿಟ್ಟಿಲ್ಲ.

ಹೈಪೋ, ಹೈಪರ್ ಎರಡೂ ಗ್ರೀಕ್ ಭಾಷಾದವು. ಹೈಪರ್ ಅಂದರ ಮ್ಯಾಲೆ, ಹೈಪೋ ಅಂದರ ಕೆಳಗ. ನಮ್ಮ ಬಾಯಾಗ ಎರಡೂ ‘ಹೈ’ ಅಂತನs ಸುರು ಆಗ್ತಾವ, ಅದs ಗೋಳು. ನಾನು ನೆಗೆಣ್ಣಿಗೆ ಒಂದು ಗುರುತು ಹೇಳಿಕೊಟ್ಟೇನಿ: ಹಳಗನ್ನಡದಾಗ ‘ಪೋ’ ಅಂದರ ಹೋಗು. ಹೈಪೋ, ಸಕ್ಕರಿ ಹೋತು. ಹೈಪರ್‌ದಾಗ ‘ಏರ್’ ಕೇಳಿಸ್ತದ, ಏರೇದ. ಪಂಡಿತರು ಕೇಳಿದರ ಬೈತಾರ, ಬೈಲಿ. ರಕ್ತದಾಗ ಸಕ್ಕರಿ 70ಕ್ಕಿಂತ ಕೆಳಗ ಬಂತು ಅಂದರ ಹೈಪೋ. ಎಚ್ಚರ ಇದ್ದವರಿಗೆ ಮಾತ್ರ ಬಾಯಾಗ ಕೊಡಬೇಕು. ಎಚ್ಚರ ತಪ್ಪಿದ್ದರ ನೀರೂ ಹಾಕಬಾರದು, ಉಸಿರಿಗೆ ಸಿಗ್ತದ, ದವಾಖಾನಿಗೆ ಒಯ್ಯಬೇಕು.

ಥೈರಾಯ್ಡಿಂದು ಇನ್ನೊಂದು ತಮಾಷಾ. ನಮ್ಮ ಓಣ್ಯಾಗ ಎಷ್ಟು ಮಂದಿ ಆ ಗುಳಿಗಿ ನುಂಗ್ತೀವಿ! ರಿಪೋರ್ಟಿನಾಗ ಟಿಎಸ್‌ಎಚ್ ಹೆಚ್ಚು ಅಂತ ಬರದಿರ್ತಾರ, ಡಾಕ್ಟರು ಮಾತ್ರ ಹೈಪೋ ಅಂತಾರ. ಆ ಟಿಎಸ್‌ಎಚ್ ತಯಾರಾಗೋದು ಕುತ್ತಿಗ್ಯಾಗಲ್ಲ, ಮೆದುಳಿನ ಬುಡದಾಗ. ಕುತ್ತಿಗಿ ಗ್ರಂಥಿ ಕೆಲಸ ಕಡಿಮಿ ಮಾಡ್ತಂದ್ರ ಅಲ್ಲಿಂದ ಜೋರಾಗಿ ಒದರ್ತದ, ಏಳು, ಕೆಲಸ ಮಾಡು ಅಂತ. ಒದರಾಟ ಹೆಚ್ಚು, ಕೆಲಸ ಕಡಿಮಿ. ಹೈಪರ್ ಇದ್ದವರಿಗೆ ಬ್ಯಾರೆ ಔಷಧ. ಅದಕ್ಕ “ನನಗೂ ಥೈರಾಯ್ಡ್ ಅದ, ನಂದs ಒಂದು ಗುಳಿಗಿ ತಗೋ” ಅಂತ ಯಾರಿಗೂ ಕೊಡಲಿಕ್ಕೆ ಹೋಗಬ್ಯಾಡ್ರಿ.

ಇನ್ನ ಪೆಟ್ರೋಲ್ ಟ್ಯಾಂಕರಿನ ಹಿಂದ ‘ಇನ್‌ಫ್ಲೇಮಬಲ್’ ಅಂತ ಕೆಂಪಕ್ಷರದಾಗ ಬರದಿರ್ತದಲಾ, ಇಂಪಾಸಿಬಲ್ ಇದ್ದಂಗ ಇದೂ ‘ಉರಿಯಂಗಿಲ್ಲ’ ಅಂತ ತಿಳಕೊಂಡೀರಿ! ಇಲ್ಲಿ ‘ಇನ್’ ಅಂದರ ಇಲ್ಲ ಅಂತಲ್ಲ. ಬೆಂಕಿ ಹತ್ತಿಸೋದು ಅನ್ನೋ ಲ್ಯಾಟಿನ್ ಶಬ್ದದಿಂದ ಹಂಗs ಇಡಿಯಾಗಿ ಬಂದದ್ದು. ಫ್ಲೇಮಬಲ್ ಅಂದರೂ ಉರೀತದ, ಇನ್‌ಫ್ಲೇಮಬಲ್ ಅಂದರೂ ಉರೀತದ. ಉರಿಯದೇ ಇರೋದಕ್ಕ ನಾನ್‌ಫ್ಲೇಮಬಲ್ ಅಂತಾರ. ಜೊಂಡಿಗ್ಯಾ ಹೊಡಿಯೋ ಸ್ಪ್ರೇ ಡಬ್ಬಿ ಮ್ಯಾಲೂ ಸಣ್ಣಕ್ಷರದಾಗ ಇಂಥಾದೇನರೆ ಇರ್ತದ, ತಿರುವಿ ನೋಡ್ರಿ. ನಿಮ್ಮ ಡಬ್ಬಿ ಗ್ಯಾಸ್ ಒಲಿ ಬಾಜೂಕನs ಇದ್ದರ ಮೊದಲ ಅದನ್ನ ಎತ್ತಿಟ್ಟು ಬರ್ರಿ.