ದಾದಿಯ ಪಾನ್‌ದಾನ್, ಹಿತ್ತಾಳೆ ತಂಬಿಗೆ

ರಮಝಾನಿನ ಕೊನೆಯ ವಾರ ಬಂತೆಂದರೆ ನಮ್ಮ ಮನೆಯ ಪಾತ್ರೆಗಳೆಲ್ಲ ಹಿತ್ತಲಿಗೆ ಬರುತ್ತಿದ್ದವು. ತಾಮ್ರದ ದೇಗ್ಚಿಗಳು ಕಲಾಯಿಯವನ ಪಾಲು. ಹಿತ್ತಾಳೆ, ಕಂಚು ಎಲ್ಲ ನಮ್ಮ ಪಾಲು. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು ಹಿಡಿದು ನಾವು ನಾಲ್ವರು ಒಡಹುಟ್ಟಿದವರು ಬಾವಿಕಟ್ಟೆಯ ಬಳಿ ಕೂತರೆ ಅಸರ್ ಬಾಂಗ್ ಕೇಳುವವರೆಗೂ ಉಜ್ಜಾಟ. ಯಾರ ಪಾತ್ರೆ ಹೆಚ್ಚು ಹೊಳೆಯುತ್ತದೆಂದು ನಮ್ಮೊಳಗೇ ಪೈಪೋಟಿ.

ಅಂಥದ್ದೊಂದು ವರ್ಷ, ದಾದಿ ಒಳಗೆ ನಮಾಝಿನಲ್ಲಿದ್ದಾಗ, ಅವರ ಪಾನ್‌ದಾನನ್ನೂ ಹೊರಗೆ ತಂದೆವು. ಗುಮ್ಮಟದಂಥ ಮುಚ್ಚಳದ, ಕೈಯಲ್ಲಿ ಹಿಡಿದರೆ ಭಾರವೆನಿಸುವ ಕಪ್ಪು ಡಬ್ಬಿ ಅದು. ಕಪ್ಪಿನ ನಡುವೆ ಅಲ್ಲಲ್ಲಿ ಬೆಳ್ಳಿಯ ಹೂಗಳು. ಒಳಗೆ ಸುಣ್ಣಕ್ಕೆ, ಕಾಚಿಗೆ, ಅಡಿಕೆಗೆ ಬೇರೆ ಬೇರೆ ಬಟ್ಟಲು. ನಮಗೆ ಕಂಡದ್ದು ಒಂದೇ: ಇಷ್ಟು ವರ್ಷಗಳಿಂದ ಯಾರೂ ತೊಳೆಯದೆ ಇದು ಕರಿಹಿಡಿದಿದೆ. ಹುಣಸೆಹಣ್ಣು ಹಾಕಿ ತಿಕ್ಕಿದೆವು, ಬೂದಿ ಹಾಕಿ ತಿಕ್ಕಿದೆವು, ಸಾಲದೆಂದು ಮರಳನ್ನೂ ಹಾಕಿದೆವು. ಕಪ್ಪು ಹೋಯಿತು. ಆದರೆ ಹೊಳಪು ಬರಲಿಲ್ಲ. ಮಳೆಗಾಲದ ಮೋಡದ ಬಣ್ಣಕ್ಕೆ ತಿರುಗಿತು. ಬೆಳ್ಳಿಯ ಹೂಗಳು ಆ ಬೂದುಬಣ್ಣದಲ್ಲಿ ಕಂಡೂ ಕಾಣದಂತಾದವು.

ದಾದಿ ಬಂದು ನೋಡಿದರು. ಬಾವಿಕಟ್ಟೆಯ ಮೇಲೆ ಕೂತು ಮುಚ್ಚಳದ ಮೇಲೆ ಬೆರಳಾಡಿಸಿದರು. ಬೈಯುತ್ತಾರೆಂದು ಕಾದೆವು. "ಹೋಗ್ಲಿ ಬೇಟಾ, ಹಬ್ಬಕ್ಕಂತ ತೊಳೆದಿದ್ದೀರಿ" ಎಂದರು, ಅಷ್ಟೇ. ಆಮೇಲೆ ಆ ಪಾನ್‌ದಾನಿನ ಮೇಲೆ ಯಾವಾಗಲೂ ಒಂದು ಬಟ್ಟೆ ಹೊದಿಸಿರುತ್ತಿತ್ತು. ಅದು ಧೂಳು ಕೂರದಿರಲೆಂದು ಎಂದೇ ನಾವು ತಿಳಿದಿದ್ದೆವು.

ಇತಿಹಾಸವೆಂದರೆ ನಮಗೆ ಆಗ ಶಾಲೆಯ ಪುಸ್ತಕ ಮತ್ತು ಭಾನುವಾರದ ಟೀವಿ. 1988ರಲ್ಲಿ ಶ್ಯಾಮ್ ಬೆನೆಗಲ್ ಅವರ 'ಭಾರತ್ ಏಕ್ ಖೋಜ್' ದೂರದರ್ಶನದಲ್ಲಿ ಬರುತ್ತಿತ್ತು. 53 ಕಂತುಗಳು. ಬೀದಿಯಲ್ಲಿ ಟೀವಿ ಇದ್ದ ಮನೆಗಳು ಕಡಿಮೆ. ನಮ್ಮ ಪಡಸಾಲೆಯಲ್ಲಿ ಭಟ್ಟರ ಮನೆಯ ಮಕ್ಕಳು, ದರ್ಜಿಯ ಮಕ್ಕಳು ಎಲ್ಲ ಚಾಪೆ ಮೇಲೆ ಕೂರುತ್ತಿದ್ದರು. ಸಲೀಂ ಘೌಸ್ ಒಂದು ಕಡೆ ರಾಮ, ಇನ್ನೊಂದು ಕಡೆ ಕೃಷ್ಣ, ಮತ್ತೊಂದು ಕಡೆ ಟಿಪ್ಪು ಸುಲ್ತಾನನಾಗಿದ್ದು ಆಗ ಯಾರಿಗೂ ವಿಚಿತ್ರವೆನಿಸಿರಲಿಲ್ಲ. ದಾದಿ ಗೋಡೆಗೆ ಒರಗಿ ಅಡಿಕೆ ಕತ್ತರಿಸುತ್ತ ನೋಡುತ್ತಿದ್ದರು. ಆಗಾಗ ಒಂದೇ ಪ್ರಶ್ನೆ: "ಇದರಲ್ಲಿ ಬೀದರ್ ಬರ್ತದೇನು?" "ಶ್, ಮಾತಾಡಬೇಡಿ ದಾದಿ" ಎನ್ನುತ್ತಿದ್ದೆವು ನಾವು. ಆ ಊರಿನ ಬಗ್ಗೆ ಅವರಿಗೇಕೆ ಅಷ್ಟು ಕುತೂಹಲವೆಂದು ನಮ್ಮಲ್ಲಿ ಒಬ್ಬರೂ ತಿರುಗಿ ಕೇಳಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ದಾದಿ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ಟೀವಿಯಲ್ಲಿ ಬಿದ್ರಿ ಕಲೆಯ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂತು. ಊಟದ ಹೊತ್ತು, ಯಾರೂ ಗಮನವಿಟ್ಟು ನೋಡುತ್ತಿರಲಿಲ್ಲ. ಹದಿನಾರು ಪಾಲು ಸತು, ಒಂದು ಪಾಲು ತಾಮ್ರ ಕರಗಿಸಿ ಮಣ್ಣಿನ ಅಚ್ಚಿಗೆ ಸುರಿಯುವುದು, ಅರದಿಂದ ಉಜ್ಜಿ ನುಣುಪು ಮಾಡುವುದು, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು ಅದರ ಮೇಲೆ ಬರೀ ಕೈಯಲ್ಲಿ ಹೂಬಳ್ಳಿ ಗೀರುವುದು, ಸಣ್ಣ ಉಳಿಯಿಂದ ಆ ಗೆರೆಯನ್ನು ಕೊರೆದು ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವುದು. ಮತ್ತೆ ಉಜ್ಜಿದಾಗ ಇಡೀ ಪಾತ್ರೆ ಬೂದುಬಣ್ಣ. ಬೆಳ್ಳಿ ಎಲ್ಲಿ, ಸತು ಎಲ್ಲಿ ತಿಳಿಯದು. ಆ ಹಂತದ ಪಾತ್ರೆಯನ್ನು ಕ್ಯಾಮೆರಾ ಹತ್ತಿರದಿಂದ ತೋರಿಸಿತು. ನಾವು ತುತ್ತನ್ನು ಕೈಯಲ್ಲೇ ಹಿಡಿದು ಕೂತೆವು. ಅದು ನಮ್ಮ ಪಾನ್‌ದಾನಿನ ಬಣ್ಣ.

ಆಮೇಲೆ ಬಂದದ್ದು ಮಣ್ಣು. ಬೀದರ್ ಕೋಟೆಯೊಳಗೆ ಬಿಸಿಲು ಮಳೆ ತಾಕದ ಹಳೆಯ ಜಾಗಗಳ ಮಣ್ಣು. ಕುಶಲಕರ್ಮಿ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟು ರುಚಿ ನೋಡಿ, ಇದು ಆಗುತ್ತದೆ, ಇದು ಆಗದು ಎಂದು ಹೇಳುತ್ತಾನೆ. ಆ ಮಣ್ಣನ್ನು ನವಸಾಗರದ ಜೊತೆ ನೀರಿಗೆ ಹಾಕಿ ಕಾಯಿಸಿ ಪಾತ್ರೆಗೆ ಹಚ್ಚಿದರೆ ಸತುವಿನ ಮೈ ಮಾತ್ರ ಕಡುಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಅಂದರೆ ನಾವು ಅಂದು ತಿಕ್ಕಿ ತೆಗೆದದ್ದು ಕೊಳೆಯನ್ನಲ್ಲ. ಯಾರೋ ನಾಲಿಗೆಯಿಂದ ಆರಿಸಿದ ಮಣ್ಣಿನ ಬಣ್ಣವನ್ನು.

ಆ ಚಿತ್ರದ ಬಗ್ಗೆ ಒಂದು ತಕರಾರೂ ಇದೆ. ಬಹಮನಿ ಸುಲ್ತಾನರ ಆಶ್ರಯ, ಇರಾನಿನಿಂದ ಬಂದ ಕೌಶಲ, ರಾಜವೈಭವ ಎಂದೆಲ್ಲ ನಿರೂಪಕರು ಹೇಳಿದರು. ಕೊನೆಗೆ ಕ್ಯಾಮೆರಾದವರ ಹೆಸರು ಬಂತು, ಧ್ವನಿಗ್ರಹಣದವರ ಹೆಸರು ಬಂತು, ವಾಹನ ಚಾಲಕರ ಹೆಸರೂ ಬಂತು. ಮಣ್ಣು ನೆಕ್ಕಿದವನ ಹೆಸರು ಬರಲಿಲ್ಲ. ಈಗ ಕಾಲ ಸ್ವಲ್ಪ ಬದಲಾಗಿದೆ ಎನ್ನಬೇಕು. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಅಂದು ಊಟ ಮುಗಿದ ಮೇಲೆ ಪಾನ್‌ದಾನಿನ ಬಟ್ಟೆ ಸರಿಸಿ ಕೂತಾಗ ಅಬ್ಬಾ ಬಾಯಿ ಬಿಟ್ಟರು. ದಾದಿಯ ತವರು ಬೀದರ್ ಎಂಬುದಷ್ಟೇ ನಮಗೆ ಗೊತ್ತಿತ್ತು. 1948ರ ಸೆಪ್ಟೆಂಬರಿನಲ್ಲಿ ಅವರು ಊರು ಬಿಟ್ಟು ಬಂದದ್ದು ಗೊತ್ತಿರಲಿಲ್ಲ. ಆಗ ಅವರಿಗೆ ಹದಿನಾರು ವರ್ಷ. ಅವರ ತಂದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಒಂದು ದಿನ ಹೊರಗೆ ಹೋದವರು ಮರಳಲಿಲ್ಲ. ಪಕ್ಕದ ಮನೆಯವರು ತಾಯಿ ಮಗಳನ್ನು ಜೋಳದ ಚೀಲಗಳ ಹಿಂದೆ ಕೂರಿಸಿ ಎಂಟು ದಿನ ಕಾಪಾಡಿದರು. ಹೊರಡುವಾಗ ಇದ್ದದ್ದು ಉಟ್ಟ ಬಟ್ಟೆ, ಮಡಿಲಲ್ಲಿ ಪಾನ್‌ದಾನ್, ಕೈಯಲ್ಲಿ ನೀರಿನ ತಂಬಿಗೆ. ಅಬ್ಬಾನಿಗೂ ಇದಕ್ಕಿಂತ ಹೆಚ್ಚು ತಿಳಿದಿರಲಿಲ್ಲ. "ಒಮ್ಮೆ ಹೇಳಿದರು, ಎರಡನೇ ಸಲ ಕೇಳಲು ನನಗೆ ಧೈರ್ಯ ಬರಲಿಲ್ಲ" ಎಂದರು.

ನಾವು ಪುಸ್ತಕಗಳನ್ನು ಹುಡುಕಿದ್ದು ಆಮೇಲೆ. ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆ, ನಿಜಾಮನ ಶರಣಾಗತಿ ಶಾಲೆಯ ಪಾಠದಲ್ಲಿ ಒಂದೆರಡು ಸಾಲಿನಲ್ಲಿ ಮುಗಿದಿತ್ತು. ಅದಕ್ಕೆ ಮೊದಲು ರಜಾಕಾರರು ನಡೆಸಿದ ದೌರ್ಜನ್ಯ ಸಣ್ಣದಲ್ಲ. ಇದೇ ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ಆ ವರ್ಷದ ಮೇ ತಿಂಗಳಲ್ಲಿ ಅವರು ನಡೆಸಿದ ಕಗ್ಗೊಲೆಯನ್ನು ಆ ಊರು ಇನ್ನೂ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಕಾರ್ಯಾಚರಣೆಯ ನಂತರ ಸೇಡಿನ ಬೆಂಕಿ ರಜಾಕಾರರ ಮುಖವನ್ನೇ ಕಾಣದ ಮುಸ್ಲಿಮ್ ಮನೆಗಳನ್ನೂ ಸುಟ್ಟಿತು. ನೆಹರೂ ಕಳುಹಿಸಿದ ಪಂಡಿತ್ ಸುಂದರ್‌ಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರ ತಂಡ ಕಾರ್ಯಾಚರಣೆಯ ವೇಳೆಯಲ್ಲಿ ಹಾಗೂ ನಂತರ 27ರಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜಿಸಿತು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ. ಅದರಲ್ಲಿ ನಾವು ಮತ್ತೆ ಮತ್ತೆ ಓದುವ ಒಂದು ಭಾಗವಿದೆ: ಪ್ರಾಣವನ್ನೂ ಲೆಕ್ಕಿಸದೆ ಮುಸ್ಲಿಮರನ್ನು ಉಳಿಸಿದ ಹಿಂದೂಗಳ ಪ್ರಸ್ತಾಪ, ಮುಸ್ಲಿಮ್ ನೇಕಾರರ ಪರವಾಗಿ ನಿಂತ ಹಿಂದೂ ನೇಕಾರರ ಪ್ರಸ್ತಾಪ. ಅಲ್ಲಿ ಹೆಸರುಗಳಿಲ್ಲ. ಜೋಳದ ಚೀಲಗಳ ಹಿಂದೆ ಯಾರನ್ನೋ ಕೂರಿಸಿದವರು ಯಾವ ವರದಿಯಲ್ಲೂ ಹೆಸರು ಬರೆಸಿಕೊಳ್ಳಲು ಹೋಗಿರಲಾರರು.

ಬೀದರಿಗೆ ಹೋಗಬೇಕೆಂದು ಅಂದೇ ಅಂದುಕೊಂಡರೂ ನಾಲ್ವರೂ ಕೂಡಿ ಹೊರಟದ್ದು 2019ರ ಡಿಸೆಂಬರಿನಲ್ಲಿ. ನೆಪ ಪಾನ್‌ದಾನ್. ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದೆವು. ಅಮ್ಮೀ ಏನೋ ನೆನೆದು ಆ ತಂಬಿಗೆಯನ್ನೂ ಜೊತೆಗೆ ಹಾಕಿಕೊಟ್ಟರು.

ಊರೊಳಗೆ ಕಾಲಿಟ್ಟವರಿಗೆ ಮೊದಲು ಎದುರಾಗುವುದು ಮಹಮೂದ್ ಗವಾನನ ಮದರಸಾ. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನ್ 1472ರಲ್ಲಿ ಕಟ್ಟಿಸಿದ್ದು. ಮೂರು ಅಂತಸ್ತು, ಎರಡು ಮಿನಾರಗಳಲ್ಲಿ ಉಳಿದದ್ದು ಒಂದು. 1696ರಲ್ಲಿ ಒಳಗಿಟ್ಟಿದ್ದ ಸಿಡಿಮದ್ದು ಸ್ಫೋಟಿಸಿ ಮುಂಭಾಗದ ದೊಡ್ಡ ಪಾಲು ಹಾರಿಹೋಯಿತು. ಉಳಿದ ಗೋಡೆಯ ಮೇಲೆ ನೀಲಿ, ಹಳದಿ, ಬಿಳಿ ಬಿಲ್ಲೆಗಳು ಅಲ್ಲಲ್ಲಿ ಅಂಟಿಕೊಂಡಿವೆ. ಓದುವ ಮನೆಯನ್ನು ಮದ್ದಿನ ಮನೆ ಮಾಡಿದರೆ ಇನ್ನೇನಾದೀತು! ಕಟ್ಟಿಸಿದವನ ಕೊನೆ ಇನ್ನೂ ನೋವಿನದು. ಶತ್ರುಗಳು ಅವನ ಮುದ್ರೆ ಬಳಸಿ ಸುಳ್ಳು ಪತ್ರ ಸೃಷ್ಟಿಸಿದರು. ಅದನ್ನು ನಂಬಿದ ಮೂರನೇ ಮುಹಮ್ಮದ್ ಶಾಹ್ 1481ರಲ್ಲಿ ಅವನ ತಲೆ ತೆಗೆಸಿದ. ಮರುವರ್ಷ ಸುಲ್ತಾನನೂ ತೀರಿಕೊಂಡ. ಕೆಲವೇ ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು. ಓದಿ ನೋಡದೆ ಮುಂದಕ್ಕೆ ದಾಟಿಸುವ ಪತ್ರಗಳು ನಮ್ಮ ಮೊಬೈಲಿನಲ್ಲೂ ದಿನಕ್ಕೆ ಹತ್ತು ಬರುತ್ತವಲ್ಲ, ಅದು ನೆನಪಾಯಿತು.

ಅಷ್ಟೂರಿನ ಗೋರಿಗಳ ಬಳಿ ಹೆಚ್ಚು ಹೊತ್ತು ಕಳೆದೆವು. ಸಿಡಿಲು ಬಡಿದು ಸೀಳಿದ ಹುಮಾಯೂನ್ ಶಾಹನ ಗುಮ್ಮಟ ಅರ್ಧಕ್ಕೆ ಕತ್ತರಿಸಿದ ಹಣ್ಣಿನಂತೆ ನಿಂತಿದೆ. ಹಾಗಾಗಿ ಗುಮ್ಮಟ ಒಳಗೆ ಹೇಗಿರುತ್ತದೆ, ಎಷ್ಟು ದಪ್ಪ, ಹೇಗೆ ಜೋಡಿಸಿದ್ದಾರೆ ಎಂದು ಯಾರು ಬೇಕಾದರೂ ನೋಡಬಹುದು. ಅದರಾಚೆ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದ್ ಶಾಹನ ಗೋರಿ. ಅವನು ತೀರಿಕೊಂಡದ್ದು 1436ರಲ್ಲಿ. ಮುಸ್ಲಿಮರಿಗೆ ಅವನು ವಲಿ, ಅನೇಕ ಲಿಂಗಾಯತರಿಗೆ ಅಲ್ಲಮಪ್ರಭು. ಹೋಳಿಯ ನಂತರ ನಡೆಯುವ ಉರೂಸಿಗೆ ಕಲಬುರಗಿ ಕಡೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ತೆಂಗಿನಕಾಯಿ ಒಡೆಯುತ್ತದೆ, ಫಾತಿಹಾ ಓದಲಾಗುತ್ತದೆ. ಇದು ಸರಿಯೇ ತಪ್ಪೇ ಎಂದು ವಾದಿಸುವವರು ಎರಡೂ ಕಡೆ ಇದ್ದಾರೆ. ದಾದಿ ಚಿಕ್ಕವರಿದ್ದಾಗ ಆ ಜಾತ್ರೆಗೆ ಖಂಡಿತ ಹೋಗಿರುತ್ತಾರೆ ಎಂದಷ್ಟೇ ನಾವು ಯೋಚಿಸುತ್ತಿದ್ದೆವು.

ನೌಬಾದಿನ ಕರೇಜ್ ನೋಡಲು ಹೋದಾಗ ಹೊತ್ತು ಇಳಿದಿತ್ತು. ಜಂಬಿಟ್ಟಿಗೆಯ ನೆಲದೊಳಗೆ ಸಣ್ಣ ಇಳಿಜಾರಿನಲ್ಲಿ ಕೊರೆದ ಸುರಂಗ, ಮೇಲೆ ಗಾಳಿ ಬೆಳಕಿಗೆ ಸಾಲು ಬಾವಿಗಳು. ಅಂತರ್ಜಲ ಯಾವ ಯಂತ್ರವೂ ಇಲ್ಲದೆ ತಾನಾಗಿ ಹರಿದು ಬರುವ ಇರಾನೀ ವಿಧಾನ. ಹೂಳು ತುಂಬಿ ಮರೆತೇಹೋಗಿದ್ದ ಇದನ್ನು ಕಳೆದ ದಶಕದಲ್ಲಿ ತೆರವುಗೊಳಿಸಲಾಯಿತು. ನಾವು ಹೋಗುವ ಎರಡು ತಿಂಗಳ ಮುಂಚೆಯಷ್ಟೇ ವಿಶ್ವ ಸ್ಮಾರಕ ನಿಧಿ ದಖನಿನ ಪ್ರಾಚೀನ ನೀರಿನ ವ್ಯವಸ್ಥೆಗಳನ್ನು ತನ್ನ ಪಟ್ಟಿಗೆ ಸೇರಿಸಿತ್ತು.

ಬಿದ್ರಿ ಅಂಗಡಿಗಳ ಓಣಿಯಲ್ಲಿ ವಯಸ್ಸಾದ ಕುಶಲಕರ್ಮಿಯೊಬ್ಬರ ಮುಂದೆ ಸೀರೆ ಬಿಚ್ಚಿದೆವು. ಅವರು ಪಾನ್‌ದಾನನ್ನು ಬೆಳಕಿಗೆ ಹಿಡಿದು, "ಅಶರ್ಫಿ ಕೀ ಬೂಟಿ. ಹಳೆಯ ಕೈ" ಎಂದರು. ಆಮೇಲೆ ನಮ್ಮ ಮುಖ ನೋಡಿ ನಕ್ಕರು. "ಹುಣಸೆಹಣ್ಣಾ?" ನಾಲ್ವರೂ ತಲೆ ಆಡಿಸಿದೆವು. ನಮ್ಮಂಥವರು ಬಹಳ ಬರುತ್ತಾರಂತೆ. ಮೂರು ಕಡೆ ಬೆಳ್ಳಿ ಬಿದ್ದುಹೋಗಿತ್ತು. ಅದನ್ನು ಹೊಸದಾಗಿ ತುಂಬಲೇ ಎಂದು ಕೇಳಿದಾಗ ನಮ್ಮೊಳಗೆ ಚರ್ಚೆಯಾಗಿ ಕೊನೆಗೆ ಬೇಡವೆಂದೆವು. ಮಣ್ಣು ನವಸಾಗರದ ನೀರು ಕಾಯಿತು. ಪಾನ್‌ದಾನಿನ ಮೈಗೆ ಅದನ್ನು ತಾಗಿಸಿದ ಸ್ವಲ್ಪ ಹೊತ್ತಿನಲ್ಲೇ ಬೂದುಬಣ್ಣ ಕರಗಿ ಕಪ್ಪು ಏರತೊಡಗಿತು. ಬಟ್ಟೆಯಲ್ಲಿ ಎಣ್ಣೆ ಸವರಿ ಒರೆಸಿದಾಗ ನಮ್ಮ ಬಾಲ್ಯದ ಡಬ್ಬಿ ಎದುರಿಗೆ ಕೂತಿತ್ತು. ನಮ್ಮಲ್ಲಿ ಹಿರಿಯವಳು ಎದ್ದು ಹೊರಗೆ ಹೋದಳು.

ತಂಬಿಗೆಯನ್ನು ತೋರಿಸಿದ್ದು ಆಮೇಲೆ. ಅದು ಬಿದ್ರಿಯಲ್ಲ, ಸಾಧಾರಣ ಹಿತ್ತಾಳೆ. ಮನೆಯಲ್ಲಿ ನಾವು ಅದನ್ನು ವುಝೂವಿಗೆ, ಗಿಡಕ್ಕೆ ನೀರು ಹಾಕಲು, ಎಲ್ಲದಕ್ಕೂ ಬಳಸುತ್ತಿದ್ದೆವು. ಪ್ರತಿ ಹಬ್ಬಕ್ಕೂ ತಿಕ್ಕುತ್ತಿದ್ದೆವು. ಅವರು ಕಣ್ಣಿಗೆ ಮಸೂರ ಏರಿಸಿ ಕಂಠದ ಕೆಳಗೆ ಬೆರಳಿಟ್ಟರು. "ಇಲ್ಲಿ ಬರಹ ಇದೆ. ಉರ್ದು ಅಲ್ಲ, ನೀವೇ ನೋಡಿ." ಮಸೂರ ನಮ್ಮ ಕೈಗೆ ಬಂತು. ಪಾತ್ರೆ ಅಂಗಡಿಯವರು ಚುಕ್ಕಿ ಚುಕ್ಕಿಯಾಗಿ ಕೊಟ್ಟು ಹಾಕುವ ಅಕ್ಷರಗಳು. ಕನ್ನಡ. ಆ ತಂಬಿಗೆ ದಾದಿಯ ಮನೆಯದ್ದಲ್ಲ. ನೀರು ತುಂಬಿಸಿ ಅವರ ಕೈಗೆ ಯಾರೋ ಕೊಟ್ಟದ್ದು.

ಮೊದಲ ಎರಡು ಅಕ್ಷರಗಳಿದ್ದ ಜಾಗ ಸಪಾಟಾಗಿ ಹೊಳೆಯುತ್ತಿತ್ತು. ಉಳಿದದ್ದು "ವ್ವ" ಒಂದೇ. ನೀಲವ್ವನೋ, ಗಂಗವ್ವನೋ, ಶಿವವ್ವನೋ. ಆ ಕಡೆ ಮನೆಗೊಬ್ಬ ಅವ್ವ ಇರುತ್ತಾಳೆ. ಮರುದಿನ ಹಳೆಯ ಓಣಿಗಳಲ್ಲಿ ತಂಬಿಗೆ ಹಿಡಿದು ತಿರುಗಿದೆವು, ಒಂದೆರಡು ಮನೆಗಳಲ್ಲಿ ಚಹಾ ಕುಡಿದೆವು. 1948ರ ಮಾತೆತ್ತಿದರೆ ಹಿರಿಯರು ಬೇರೆ ಮಾತಿಗೆ ಹೋಗುತ್ತಿದ್ದರು. ಒಬ್ಬ ಅಜ್ಜಿ ಮಾತ್ರ ತಂಬಿಗೆಯನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿ, ಹೊಳೆಯುವ ಆ ಜಾಗದ ಮೇಲೆ ಹೆಬ್ಬೆರಳಾಡಿಸಿ, "ಬಾಳ ತಿಕ್ಕೀರಿ ನೋಡ್ರೀ" ಎಂದು ನಮಗೇ ವಾಪಸು ಕೊಟ್ಟರು.

ಈಗ ಅದು ಪಾನ್‌ದಾನಿನ ಪಕ್ಕದಲ್ಲಿದೆ. ಹಬ್ಬಕ್ಕೆ ಅದನ್ನು ತೊಳೆಯುವುದಿಲ್ಲ. ಹಿತ್ತಾಳೆ ನಿಧಾನವಾಗಿ ಕಪ್ಪಾಗುತ್ತಿದೆ.